ಕೆಂಚಿ ತಲೆ ತಗ್ಗಿಸಿದಳು

ಕೆಂಚಿ ಎಂಬ ಮುದಿ ಕುರಿ ಹಿಂಡಿಗೆಲ್ಲ ಹಿರಿಯಳು. ಹುಲ್ಲುಗಾವಲಿಗೆ ಮೊದಲು ಇಳಿದು ನೋಡುವವಳು ಅವಳೇ. ಅವಳು ತಲೆ ತಗ್ಗಿಸಿದರೆ ಮೇವು ಚೆನ್ನಾಗಿದೆ ಎಂದರ್ಥ. ದಿಬ್ಬದ ಮೇಲೆ ಕಾದಿದ್ದ ಹಿಂಡು ಆಗ ಇಳಿದು ಬರುವುದು ವಾಡಿಕೆ.

ಆ ವರ್ಷ ಹುಲ್ಲುಗಾವಲು ದೂರಕ್ಕೆ ಹಚ್ಚಹಸಿರಾಗಿ ಕಂಡಿತು. ಒಳಗೆ ಕಾಲಿಟ್ಟರೆ ಬರೀ ತಂಗಡಿ, ಯಾವ ಕುರಿಯೂ ಬಾಯಿಡದ ಗಿಡ. ಗಾಳಿ ಬೀಸುತ್ತಿತ್ತು, ಹುಲ್ಲಿನ ಸದ್ದೇ ಇರಲಿಲ್ಲ.

“ಇಲ್ಲಿದ್ದ ಕರಡ ಹುಲ್ಲು ಎಲ್ಲಿ?” ಎಂದಳು ಕೆಂಚಿ.

“ನೀವು ತಿಂದಿರಿ,” ಎಂದವು ತಂಗಡಿಗಳೆಲ್ಲ ಒಂದೇ ದನಿಯಲ್ಲಿ. “ನೀವು ಬೇಡವೆಂದು ಬಿಟ್ಟವರು ನಾವು. ನೀವು ಬಂದು ಹೋದಾಗಲೆಲ್ಲ ಒಂದು ಹೆಜ್ಜೆ ಮುಂದೆ ಬಂದಿದ್ದೇವೆ. ನಿಮ್ಮ ಉಪಕಾರ ಮರೆಯುವವರಲ್ಲ.”

“ಒಂದು ಎಳೆಯೂ ಉಳಿದಿಲ್ಲವೇ?”

ನೆಲದ ಹತ್ತಿರ ಸಣ್ಣ ದನಿಯೊಂದು ಕೇಳಿತು. ಕೆಂಚಿ ಬಗ್ಗಿ ನೋಡಿದಳು. ಕಲ್ಲಿನ ಸಂದಿಯಲ್ಲಿ ಕರಡದ ಒಂದೇ ಒಂದು ಬುಡ ತೆನೆ ಹೊತ್ತು ನಿಂತಿತ್ತು.

“ತಲೆ ಎತ್ತಮ್ಮ,” ಎಂದಿತು ಅದು, “ನಿನ್ನವರು ನೋಡುತ್ತಿದ್ದಾರೆ.”

ಕೆಂಚಿ ತಲೆ ಎತ್ತಿದಳು. ದಿಬ್ಬ ಆಗಲೇ ಬರಿದಾಗಿತ್ತು. ಗೊರಸಿನ ಸದ್ದು ಹತ್ತಿರವಾಗುತ್ತಿದ್ದಂತೆ ತಂಗಡಿಗಳು ಮೆಲ್ಲಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟವು.