ಸಮಾಧಿಗೆ ತಂದ ಉಪ್ಪು

ಉಸಿರಾಡುತ್ತಿರುವವರ ಹೆಸರಿನಲ್ಲಿ ಸಮಾಧಿಯ ಉಪ್ಪು ಹೊರಬಾರದು. ಉಪ್ಪಿನ ಆಗರಗಳ ಊರಾದ ಹೊಸಗಜನಿಯಲ್ಲಿ ಈ ನಿಯಮ ಅರಿಯದವರಿಲ್ಲ. ಆ ಬೇಸಿಗೆಯಲ್ಲಿ ಊರಿಗೆ ಊರೇ ಅದನ್ನು ಮುರಿಯಿತು. ಮುರಿದದ್ದಕ್ಕೆ ಭಕ್ತಿ ಎಂದು ಹೆಸರಿಟ್ಟಿತು.

ಪೂಜ್ಯ ಶ್ರೀ ನಿರ್ಲೇಪಾನಂದರು ಆಗರದ ದಂಡೆಯ ಮೇಲೆ ತೆಂಗಿನಗರಿಯ ಗುಡಿಸಲಿನಲ್ಲಿ ವಾಸವಾಗಿದ್ದರು. ಜ್ವರ ಬಂದು ಮಲಗಿದವರು ಮೇಲೇಳಲೇ ಇಲ್ಲ; ಇನ್ನು ಉಳಿಯುವುದಿಲ್ಲವೆಂದು ಊರು ತೀರ್ಮಾನಿಸಿತು. ಆಗರದ ಒಡೆಯ ಹಮ್ಮಣ್ಣ ನಾಯಕರಿಗೆ ಸ್ವಾಮಿಗಳಲ್ಲಿ ನಂಬಿಕೆ ಅಷ್ಟಕ್ಕಷ್ಟೇ. ಆದರೆ ಅವರ ಸಮಾಧಿ ತಮ್ಮ ನೆಲದಲ್ಲಾದರೆ ಅಲ್ಲೊಂದು ಮಠ ಏಳುತ್ತದೆ, ನಾಲ್ಕೂರಿನ ಜನ ತಮ್ಮ ಅಂಗಳಕ್ಕೇ ಬರುತ್ತಾರೆ ಎಂಬುದರಲ್ಲಿ ಪೂರ್ಣ ನಂಬಿಕೆಯಿತ್ತು. ಗುಡಿಸಲಿನ ಹಿಂದೆ ಗುಂಡಿ ತೋಡಿಸಿದರು. ಯತಿಗಳ ದೇಹವನ್ನು ಕೂರಿಸಿ ಸುತ್ತ ಉಪ್ಪು ತುಂಬುವುದು ಸಂಪ್ರದಾಯವಲ್ಲವೇ, ಅದನ್ನೂ ಹೊರಿಸತೊಡಗಿದರು. ಪುಣ್ಯಾತ್ಮರ ಪ್ರಯಾಣಕ್ಕೆ ಅಡ್ಡಿಯಾಗಬಾರದೆಂದು ಊರವರು ಆಹಾರ ಒಯ್ಯುವುದನ್ನೇ ನಿಲ್ಲಿಸಿದರು.

ಆಗರದಲ್ಲಿ ಉಪ್ಪು ಎಳೆಯುವ ಬುದವಂತಿ ಎಂಬವಳು ಮಾತ್ರ ಬುಟ್ಟಿ ಮುಟ್ಟಲಿಲ್ಲ.

"ಎಂತಕ್ಕೆ ನಿಂತೆ? ಹೊರು," ಎಂದು ನಾಯಕರು ಗದರಿದರು.

"ಉಸ್ರಿದ್ದವ್ರಿಗೆ ನಾ ಉಪ್ಪು ಹೊರೂದಿಲ್ಲ, ಒಡೆಯಾ."

"ನಿನ್ನಪ್ಪನ ಆಗರವೇನೇ ಇದು?"

"ಸಮುದ್ರ ನಿಮ್ಮಪ್ಪಂದಾ?"

ಹೊರುವವರು ಮುಖ ತಿರುಗಿಸಿ ನಗು ನುಂಗಿದರು. ಅಷ್ಟರಲ್ಲಿ ಗುಡಿಸಲಿನ ತಟ್ಟಿ ಸರಿಯಿತು. ಕಂಬ ಹಿಡಿದು ಸ್ವಾಮಿಗಳು ಹೊರಬಂದರು. ಅವರು ಉಪ್ಪಿನ ರಾಶಿಯನ್ನು ನೋಡಿದರು, ಗುಂಡಿಯನ್ನು ನೋಡಿದರು. ಬಳಿಕ ಮೆಲ್ಲನೆ ಇಳಿದು ಅದರ ತಳದಲ್ಲಿ ಪದ್ಮಾಸನ ಹಾಕಿ ಕುಳಿತರು.

"ಸುರಿ, ಹಮ್ಮಣ್ಣ."

ನಾಯಕರು ಒಂದು ಹೆಜ್ಜೆ ಹಿಂದೆ ಸರಿದರು. ಹಿಂದಿನಿಂದ ಯಾರೋ, "ಅಪ್ಪಣೆ ಆಯ್ತಲ್ಲ!" ಎಂದು ತುಂಬಿದ ಬುಟ್ಟಿಯನ್ನು ಅವರ ಕೈಗಿಟ್ಟೇಬಿಟ್ಟರು. ಕೆಳಗಿನಿಂದ ಎರಡು ಕಣ್ಣುಗಳು ಅವರನ್ನೇ ನೋಡುತ್ತಿದ್ದವು. ರೆಪ್ಪೆ ಬಡಿಯುತ್ತಿತ್ತು. ತಾವು ಮಾಡಹೊರಟಿದ್ದಕ್ಕೆ ಕೊಲೆ ಎನ್ನುತ್ತಾರೆಂದು ನಾಯಕರಿಗೆ ಆಗ ಹೊಳೆಯಿತು. ಬುಟ್ಟಿಯನ್ನು ಅವಚಿಕೊಂಡು ಗುಂಡಿಯ ಅಂಚಿನಲ್ಲಿ ಕುಳಿತುಬಿಟ್ಟರು.

"ತಪ್ಪಾಯ್ತು ಗುರುಗಳೇ... ಮೇಲೆ ಬನ್ನಿ. ನನಗೆ ಮಠ ಬೇಡ, ನೀವು ಬೇಕು."

ಶ್ರೀಗಳಿಗೆ ಮೇಲೇಳುವ ತ್ರಾಣವಿರಲಿಲ್ಲ.

ಬುದವಂತಿ ತನ್ನ ಮಧ್ಯಾಹ್ನದ ಗಂಜಿಯ ಪಾತ್ರೆ ತಂದಳು. ನಾಯಕರ ತೋಳಲ್ಲಿದ್ದ ಬುಟ್ಟಿಯಿಂದ ಒಂದು ಚಿಟಿಕೆ ಉಪ್ಪು ತೆಗೆದು ಹಾಕಿದಳು, ಬೆರಳಿನಿಂದ ಕಲಸಿದಳು, ಗುಂಡಿಗಿಳಿದು ಶ್ರೀಗಳ ತುಟಿಗೆ ಹಿಡಿದಳು.