ಹಗ್ಗವೂ ಡಂಗುರವೂ

ಈ ಕತೆ ಚೆನ್ನಾಗಿ ಹೇಳಲು ನನಗೆ ಬಾರದು. ಮೊದಲೇ ಕ್ಷಮೆ ಕೇಳುತ್ತೇನೆ. ಬೇಡದ ಕಡೆಯೂ ಬಿಡಿಸಿ ಹೇಳುವುದು ನನ್ನ ದೋಷ.

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ಉತ್ತರೀಯ ಕದ್ದನೆಂದು ಜೊತೆಯವನನ್ನು ಈಗಷ್ಟೇ ಬೈದು ಬಂದೆ. ನೋಡಿದರೆ ಅದು ನನ್ನ ಹೆಗಲ ಮೇಲೇ ಇದೆ. ಅವನು ಸಂಜೆಗೆ ಮಠ ಬಿಡುತ್ತಾನಂತೆ. ಕ್ಷಮೆ ಕೇಳಲು ಹೋದರೆ ದನಿ ಇನ್ನೂ ಗದರುತ್ತದೆ, ಕೈ ನಡುಗುತ್ತದೆ. ತಪ್ಪು ತಿಳಿದ ಮೇಲೂ ಮೈ ಯಾಕೆ ಮಾತು ಕೇಳುವುದಿಲ್ಲ?"

ಗುರು ಈ ಕತೆ ಹೇಳಿದರು.

ಒಂದು ಊರಿಗೆ ಒಬ್ಬ ವರ್ತಕ ಯಜಮಾನ. ಅವನ ಮಾಳಿಗೆಯಿಂದ ಊರಬಾಗಿಲಿಗೆ ಒಂದು ಹಗ್ಗ. ಎಳೆದರೆ ಗಂಟೆ ಬಡಿದು, ಕಾವಲುಗಾರ ಬಾಗಿಲು ಹಾಕುತ್ತಾನೆ. ಎರಡು ಸಲ ಎಳೆದರೆ ತೆಗೆಯುತ್ತಾನೆ. ಊರಿಗೆಲ್ಲ ತಿಳಿಸಬೇಕಾದರೆ ಡಂಗುರದವನು ಬೀದಿ ಬೀದಿ ಸುತ್ತುತ್ತಾನೆ.

ಒಂದು ದಿನ ದೂರದಲ್ಲಿ ಧೂಳೆದ್ದಿತು. ದರೋಡೆಕೋರರೆಂದು ವರ್ತಕ ಹಗ್ಗ ಎಳೆದ, ಡಂಗುರವನ್ನೂ ಹೊರಡಿಸಿದ. ಧೂಳು ಹತ್ತಿರ ಬಂತು. ನೋಡಿದರೆ, ಅವನ ಮಗಳನ್ನು ನೋಡಲು ಬಂದ ಬೀಗರ ಗಾಡಿಗಳು! ಮೂರು ವರ್ಷ ಹುಡುಕಿದ ಸಂಬಂಧ. ವರ್ತಕ ಹಗ್ಗವನ್ನು ಎರಡು ಸಲ ಎಳೆದ. ಬಾಗಿಲು ತೆರೆಯಿತು. ಡಂಗುರವನ್ನೂ ನಿಲ್ಲಿಸಿದ. "ಬನ್ನಿ, ಬನ್ನಿ" ಎಂದು ಬೀಗರನ್ನು ಒಳಗೆ ಕರೆದ.

ಮೊದಲ ಬೀದಿಯ ಅಜ್ಜಿ ಗಂಡಿನ ತಂದೆಯ ಬೆನ್ನಿಗೆ ಒನಕೆ ಬೀಸಿದಳು. (ಎಪ್ಪತ್ತು ದಾಟಿದವಳಿಗೆ ಅಷ್ಟು ಬಲ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಭಯದಿಂದ ಬಂತು.) ಎರಡನೆಯ ಬೀದಿಯವರು ಖಾರದ ಪುಡಿ ತಂದರು.

"ನಿಲ್ಲಿಸು ಎಂದೆನಲ್ಲೋ!" ವರ್ತಕ ಡಂಗುರದವನ ಮೇಲೆ ಕಿರುಚಿದ.

"ಬಡಿಯುವುದನ್ನು ನಿಲ್ಲಿಸಿದೆ, ಧಣಿ. ಕೇಳಿದವರ ಕಿವಿಯಿಂದ ವಾಪಸ್ಸು ತೆಗೆಯುವುದು ಹೇಗೆ?"

ಬೀಗರು ಬಂದ ಗಾಡಿಯಲ್ಲೇ ಹಿಂದಿರುಗಿದರು.

ಕತೆ ಇಷ್ಟೇ. ಆದರೆ ಗುರುವಿಗೂ ನನ್ನ ದೋಷವೇ ಇತ್ತು. ಅವರು ಬಿಡಿಸಿ ಹೇಳತೊಡಗಿದರು: "ಹಗ್ಗವೆಂದರೆ ನರ. ಕ್ಷಣದಲ್ಲಿ ಮುಟ್ಟುತ್ತದೆ, ಕ್ಷಣದಲ್ಲಿ ಸುಮ್ಮನಾಗುತ್ತದೆ. ಡಂಗುರವೆಂದರೆ ರಕ್ತದಲ್ಲಿ ಬೆರೆಯುವ ಹಾರ್ಮೋನು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಎರಡು ಗ್ರಂಥಿಗಳಿವೆ. ಸಿಟ್ಟು ಬಂದಾಗ ಅವು ರಸ ಬಿಡುತ್ತವೆ. ಅದು ಎದೆಗೂ ಹೋಗುತ್ತದೆ, ಕೈಗೂ ಹೋಗುತ್ತದೆ. ಸಿಟ್ಟು ಇಳಿದರೂ ಅದು ಕರಗಲು ಹೊತ್ತು ಬೇಕು. ಯಾಕೆಂದರೆ ಆ ರಸವನ್ನು ಪಿತ್ತಜನಕಾಂಗವು…"

"ಗುರುಗಳೇ, ಪೂಜೆಗೆ ಹೊತ್ತಾಯಿತು!" ಎಂದು ಹೊರಗಿನಿಂದ ಯಾರೋ ಕೂಗಿದರು.

ಗುರು ಎದ್ದರು. ಶಿಷ್ಯನೂ ಎದ್ದು, ಜೊತೆಯವನ ಕೋಣೆಯತ್ತ ಓಡಲು ತಿರುಗಿದ.

"ಸಂಜೆಗೆ ಇನ್ನೂ ಹೊತ್ತಿದೆ; ಒನಕೆಗಳು ಮೂಲೆ ಸೇರಿದ ಮೇಲೆ ಬೀಗರನ್ನು ಕರೆ" ಎಂದರು ಗುರು.

ಶಿಷ್ಯ ಮತ್ತೆ ಕುಳಿತುಕೊಂಡ.