ಕೊಳೆ ಕಾಣದ ರತ್ನಗಂಬಳಿ

ಅಡಿವೆಪ್ಪನೆಂಬ ಶಿಷ್ಯ ಗುರುಗಳ ಮುಂದೆ ಬಂದು ಕೈಮುಗಿದು ಕೇಳಿದ:

"ಗುರುಗಳೇ, ಈ ಮಠದಲ್ಲಿ ನನ್ನ ಸಣ್ಣ ತಪ್ಪೂ ಎಲ್ಲರ ಕಣ್ಣಿಗೆ ಬೀಳುತ್ತದೆ. ನಿನ್ನೆ ಜಪಕ್ಕೆ ಕೂತಲ್ಲಿ ತೂಕಡಿಸಿದೆ. ಊಟಕ್ಕೆ ಏಳುವುದರೊಳಗೆ ನಾಲ್ವರು ಬಂದು ವಿಚಾರಿಸಿದರು. ಹೊಳೆಯಾಚೆಯ ಮಠದಲ್ಲಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲವಂತೆ. ನನ್ನಂಥವನು ಇರಬೇಕಾದ ಮಠ ಯಾವುದು?"

ಗುರುಗಳು ಅವನನ್ನು ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬೆಲ್ಲದ ವರ್ತಕನಿದ್ದ. ಅವನ ಮಗಳನ್ನು ನೋಡಲು ಎರಡು ತಿಂಗಳು ಕಳೆದ ಮೇಲೆ ಗಂಡಿನ ಕಡೆಯವರು ಬರುವುದೆಂದು ಮಾತಾಯಿತು. ಒಳ್ಳೆಯ ಮನೆತನ. ನಡುಮನೆಗೆ ಒಂದು ರತ್ನಗಂಬಳಿ ಹಾಸಬೇಕೆಂದು ವರ್ತಕ ನಿಶ್ಚಯಿಸಿದ.

ಆದರೆ ಅವನದು ಬೆಲ್ಲದ ಮನೆ. ಮುಂದಿನ ಕೋಣೆಯೇ ಅಂಗಡಿ. ಬಂದವರ ಕಾಲಿಗೆ ಬೆಲ್ಲದ ಚೂರು ಅಂಟಿಕೊಂಡು ನಡುಮನೆಗೂ ಬರುತ್ತಿತ್ತು. ಹೆಂಡತಿ ದಿನಕ್ಕೆರಡು ಬಾರಿ ನೆಲ ಒರೆಸುತ್ತಿದ್ದಳು. ಒರೆಸಿದಾಗಲೆಲ್ಲ ಗಂಡನಿಗೆ ಒಂದು ಮಾತು ಅನ್ನುತ್ತಿದ್ದಳು. ವರ್ತಕನಿಗೆ ಬೆಲ್ಲದ ಅಂಟಿಗಿಂತ ಆ ಮಾತೇ ಹೆಚ್ಚು ಕಾಡುತ್ತಿತ್ತು.

ಅವನು ಅಂಗಳದ ಮಣ್ಣು, ಬೆಲ್ಲದ ಪುಡಿ, ಕಡಲೆಕಾಯಿಯ ಸಿಪ್ಪೆ ಎಲ್ಲವನ್ನೂ ಒಂದು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ರತ್ನಗಂಬಳಿ ಮಾರುವವನ ಅಂಗಡಿಗೆ ಹೋದ.

ಅಂಗಡಿಯವನು ಮೊದಲು ಹತ್ತಿಯ ಜಮಖಾನೆ ಬಿಚ್ಚಿದ. "ಜನ ಓಡಾಡುವ ಮನೆಗೆ ಇದು ಸರಿ. ಹಗುರ. ಇಬ್ಬರು ಸೇರಿದರೆ ಒಗೆದು ಹಾಕಬಹುದು."

ವರ್ತಕ ಗಂಟು ಬಿಚ್ಚಿ ಒಂದು ಚಿಟಿಕೆ ಮಣ್ಣನ್ನು ಅದರ ಮೇಲೆ ಉದುರಿಸಿದ. ಅಂಗಡಿಯವನು ಕಣ್ಣು ಕಣ್ಣು ಬಿಟ್ಟ.

"ಕಾಣುತ್ತದೆ," ಅಂದ ವರ್ತಕ.

"ಕಾಣಲಿ ಬಿಡಿ ಸ್ವಾಮಿ. ಕಂಡರೆ ತಾನೇ ಒಗೆಯುವುದು?"

"ಬೇಡ. ಬೇರೆ ತೋರಿಸು."

ಬಿಳಿ ಉಣ್ಣೆಯದು ಬಂತು. ಅದರ ಮೇಲೂ ಉದುರಿಸಿದ. ನೀಲಿಯದು ಬಂತು, ಹೂಬಳ್ಳಿಯದು ಬಂತು. ಮಧ್ಯಾಹ್ನದ ಹೊತ್ತಿಗೆ ಆ ಅಂಗಡಿ ವರ್ತಕನ ಅಂಗಳದಂತೆಯೇ ಆಯಿತು. ಅಂಗಡಿಯವನು ಬೇಸತ್ತು ಮೂಲೆಯಿಂದ ಒಂದು ಸುರುಳಿ ಎಳೆದು ತಂದ. ಬೆರಳು ಮುಳುಗುವಷ್ಟು ದಪ್ಪ. ಬಣ್ಣ ಹಳೆಯ ಬೆಲ್ಲದ್ದು. ವರ್ತಕ ಗಂಟಿನಲ್ಲಿ ಉಳಿದದ್ದನ್ನೆಲ್ಲ ಅದರ ಮೇಲೆ ಸುರಿದು ಕೈಯಾಡಿಸಿದ. ಏನೂ ಕಾಣಲಿಲ್ಲ. ಬಗ್ಗಿ ನೋಡಿದ. ಆಗಲೂ ಕಾಣಲಿಲ್ಲ.

"ಇದು ನನ್ನ ಮನೆಗೆ ಹೇಳಿ ಮಾಡಿಸಿದ್ದು," ಅಂದ. ವಾರಕ್ಕೊಮ್ಮೆ ಬಿಸಿಲಿಗೆ ಹಾಕಬೇಕೆಂದು ಅಂಗಡಿಯವನು ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ.

ರತ್ನಗಂಬಳಿ ನಡುಮನೆಗೆ ಬಂತು. ಮೊದಲ ವಾರ ಹೆಂಡತಿ, ಎತ್ತಿ ಝಾಡಿಸೋಣ ಎಂದಳು.

"ಝಾಡಿಸಲು ಏನಿದೆ? ತೋರಿಸು ನೋಡೋಣ."

ಅವಳು ನೋಡಿದಳು. ತೋರಿಸಲು ಏನೂ ಸಿಗಲಿಲ್ಲ. ಎರಡನೆಯ ವಾರ ಅವಳು ಕೇಳಲಿಲ್ಲ. ಮನೆಯಲ್ಲಿ ಜಗಳ ನಿಂತಿತು. ಬೆಲ್ಲ ಬೀಳುವುದು ನಿಲ್ಲಲಿಲ್ಲ.

ಗಂಡಿನ ಕಡೆಯವರು ಬಂದರು. ಹುಡುಗ, ಅವನ ತಂದೆ, ಸೋದರಮಾವ, ಅಜ್ಜಿ. ಎಲ್ಲರೂ ರತ್ನಗಂಬಳಿಯ ಮೇಲೆ ಕೂತು ಅದನ್ನು ಹೊಗಳಿದರು. ವರ್ತಕನ ಮುಖ ಅರಳಿತು.

ಸ್ವಲ್ಪ ಹೊತ್ತಿಗೆ ತಂದೆ ಮೊಣಕಾಲು ಕೆರೆದುಕೊಂಡರು. ಸೋದರಮಾವ ಕೂತಲ್ಲೇ ಆ ಕಡೆ ಈ ಕಡೆ ಸರಿದ. ಗಂಭೀರವಾಗಿ ಕೂರಬೇಕೆಂದು ಹುಡುಗನಿಗೆ ಮನೆಯಲ್ಲಿ ಹೇಳಿ ಕಳಿಸಿದ್ದರು. ಅವನು ಅಲುಗಾಡದೆ ತುಟಿ ಕಚ್ಚಿಕೊಂಡ. ಹುಡುಗಿ ತಟ್ಟೆ ಹಿಡಿದು ಬರುವ ಹೊತ್ತಿಗೆ ಅವನ ಕಣ್ಣಲ್ಲಿ ನೀರು ತುಂಬಿತ್ತು. ಮಗಳನ್ನು ನೋಡಿಯೇ ಹೀಗಾಯಿತೆಂದು ವರ್ತಕನ ಹೆಂಡತಿ ಗಾಬರಿಯಾದಳು.

ಅಷ್ಟರಲ್ಲಿ ಸೋದರಮಾವ ಮಾತಿನ ನಡುವೆಯೇ ಹಾರಿ ನಿಂತು ಪಂಚೆ ಕೊಡವತೊಡಗಿದ. "ಇರುವೆ! ಇರುವೆ!"

ಸಂಬಂಧ ತಪ್ಪಿತೆಂದು ವರ್ತಕ ಗಡಬಡಿಸಿ ಎದ್ದ. "ಸಾಧ್ಯವೇ ಇಲ್ಲ. ನೀವೇ ನೋಡಿ, ಇದರ ಮೇಲೆ ಒಂದು ಚುಕ್ಕೆಯಾದರೂ ಕಾಣುತ್ತದೆಯೇ?"

ಅಜ್ಜಿ ಬಗ್ಗಿ ನೋಡಿದಳು. "ಕಾಣುವುದಿಲ್ಲಪ್ಪ. ಕಚ್ಚುತ್ತದೆ ಅಷ್ಟೆ."

ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಹುಡುಗಿ ತಟ್ಟೆಯನ್ನು ಕೆಳಗಿಟ್ಟಳು. ಎಲ್ಲರನ್ನೂ ಎಬ್ಬಿಸಿದಳು. ರತ್ನಗಂಬಳಿಯ ಒಂದು ಅಂಚು ಹಿಡಿದು ಹುಡುಗನಿಗೆ, "ಆ ಕಡೆ ಹಿಡಿಯಿರಿ," ಎಂದಳು. ಅವನು ಹಿಡಿದ. ಇಬ್ಬರೂ ಎಳೆದುಕೊಂಡು ಅಂಗಳಕ್ಕೆ ಹೋದರು. ಒಮ್ಮೆ ಝಾಡಿಸಿದರು. ಎದ್ದ ಧೂಳಿನಲ್ಲಿ ಇಬ್ಬರೂ ಮಾಯವಾದರು. ಜಗಲಿಯ ಮೇಲೆ ನಿಂತವರಿಗೆ ಬರೀ ಸೀನು ಕೇಳಿಸಿತು, ಆಮೇಲೆ ನಗು. ಧೂಳು ಇಳಿದಾಗ ಅವರಿಬ್ಬರೂ ತಲೆಯಿಂದ ಕಾಲಿನವರೆಗೆ ಮಣ್ಣಾಗಿ ನಿಂತು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಒಳಗೆ ನೆಲದ ಮೇಲೆ ಇರುವೆಗಳು ಒಂದು ಊರನ್ನೇ ಕಟ್ಟಿಕೊಂಡಿದ್ದವು.

ವರ್ತಕ ತಲೆ ತಗ್ಗಿಸಿದ. ಹೆಂಡತಿ ಒಂದು ಮಾತೂ ಅನ್ನಲಿಲ್ಲ. ಅನ್ನದೆ ಇದ್ದದ್ದನ್ನು ತಡೆದುಕೊಳ್ಳುವುದು ಅವನಿಗೆ ಇನ್ನೂ ಕಷ್ಟವಾಯಿತು.

ಹೊರಡುವಾಗ ಅಜ್ಜಿ ಹೇಳಿದಳು: "ಹುಡುಗಿ ನಮಗೆ ಒಪ್ಪಿಗೆ. ಅವಳ ಜೊತೆ ಆ ರತ್ನಗಂಬಳಿಯನ್ನು ಮಾತ್ರ ಕಳಿಸಬೇಡಿ."

ಕತೆ ಕೇಳಿ ಅಡಿವೆಪ್ಪ ಹೊಟ್ಟೆ ಹಿಡಿದು ನಕ್ಕ. ನಗು ತಡೆದುಕೊಂಡು ಕೇಳಿದ: "ಆಮೇಲೆ ವರ್ತಕ ಮನೆಗೆ ಯಾವ ಥರದ ರತ್ನಗಂಬಳಿ ತಂದ, ಗುರುಗಳೇ?"

"ಯಾವುದಾದರೇನು ಅಡಿವೆಪ್ಪಾ, ಈಗ ದಿನಾ ಝಾಡಿಸುತ್ತಾರೆ."